ಯಾರ ಪಾಲಿಗೂ ಬಾರದ ಓಣಿ

ಬೀದಿಯವರು ಆಕೆಯನ್ನು ಟೇಪಕ್ಕ ಎಂದು ಕರೆಯುತ್ತಿದ್ದರು. ಕೊರಳಲ್ಲಿ ಸದಾ ತೂಗುತ್ತಿದ್ದ ಹಳದಿ ಬಣ್ಣದ ಅಳತೆಯ ಟೇಪಿನಿಂದ ಹುಟ್ಟಿದ ಹೆಸರು ಅದು. ಆಕೆ ಕೋಟು ಹೊಲಿಯುವವಳು. ಮಕ್ಕಳ ಅಂಗಿ, ಕಿಟಕಿಯ ಪರದೆ, ದಿಂಬಿನ ಚೀಲ ಮೊದಲಾದವುಗಳ ತಂಟೆಗೆ ಹೋದವಳಲ್ಲ. ಕೋಟು ಹೊಲಿಯುವುದು ಗಂಡಸರ ಕಸುಬೆಂದು ಗಟ್ಟಿಯಾಗಿ ನಂಬಿದ್ದ ಪೇಟೆಯಲ್ಲಿ, ಒಬ್ಬ ಮುಂಗೋಪಿ ಯಜಮಾನನ ಅಂಗಡಿಯ ಮೂಲೆಯಲ್ಲಿ ಕುಳಿತು ಗುಂಡಿಯ ತೂತಿಗೆ ಕಾಜಾ ಹಾಕುತ್ತ, ಅವನು ಕತ್ತರಿ ಓಡಿಸುವುದನ್ನು ಕದ್ದು ನೋಡಿ ನೋಡಿಯೇ ಕಲಿತಳು. ಯಜಮಾನನಿಗೆ ಕಣ್ಣು ಮಂಜಾದ ಮೇಲೆ ಆ ಅಂಗಡಿಯ ಕೋಟುಗಳನ್ನೆಲ್ಲ ಕತ್ತರಿಸುತ್ತಿದ್ದವಳು ಈಕೆಯೇ. ಹೆಸರು ಮಾತ್ರ ಕೊನೆಯವರೆಗೂ ಅವನದೇ ಇತ್ತು.

ಅಂಗಡಿ ಮುಚ್ಚಿದ ಬಳಿಕ ಆಕೆ ಹೊಲಿಗೆಯಂತ್ರವನ್ನು ಮನೆಯ ಮುಂದಿನ ಕೋಣೆಗೆ ತಂದಿಟ್ಟುಕೊಂಡಳು. ಆಸ್ಪತ್ರೆಯ ದಾದಿಯರ ಬಿಳಿ ಕೋಟುಗಳು, ನ್ಯಾಯಾಲಯದ ವಕೀಲರ ಕರಿ ಕೋಟುಗಳು ಆಕೆಯ ಬಳಿಗೇ ಬರುತ್ತಿದ್ದವು. ಅಂಚೆ ಕಚೇರಿಯಲ್ಲಿ ಒಬ್ಬ ಗೂನುಬೆನ್ನಿನ ಗುಮಾಸ್ತನಿದ್ದ. ಊರಿನ ಯಾವ ದರ್ಜಿ ಹೊಲಿದರೂ ಅವನ ಕೋಟು ಹಿಂದೆ ಮೇಲಕ್ಕೇರಿ, ಮುಂದೆ ಜೋತು ಬೀಳುತ್ತಿತ್ತು. ಟೇಪಕ್ಕ ಅವನನ್ನು ಕಿಟಕಿಯ ಬೆಳಕಿನಲ್ಲಿ ನಿಲ್ಲಿಸಿ, ಬೆನ್ನನ್ನು ಸಂಕೋಚವಿಲ್ಲದೆ ಅಂಗೈಯಿಂದ ತಡವಿ, "ನಿಮ್ಮ ಬೆನ್ನಿಗೇನೂ ಆಗಿಲ್ಲ ಸ್ವಾಮಿ, ಕತ್ತರಿಸಿದವರ ಕೈಗೆ ಆಗಿದೆ ರೋಗ" ಎಂದಿದ್ದಳು. ಅವಳು ಹೊಲಿದ ಕೋಟು ತೊಟ್ಟು ಆತ ಮೊದಲ ಬಾರಿಗೆ ಕನ್ನಡಿಯ ಮುಂದೆ ಪಕ್ಕಕ್ಕೆ ತಿರುಗಿ ನಿಂತನು. ಅಂದಿನಿಂದ ಬೇರೆಲ್ಲಿಗೂ ಹೋದವನಲ್ಲ.

ಕಸುಬಿನ ಒಂದು ನಿಯಮವನ್ನು ಇಲ್ಲಿ ಹೇಳಲೇಬೇಕು. ಮುಂದಿನದೆಲ್ಲ ಅದರಿಂದಲೇ ಆದದ್ದು. ಬಟ್ಟೆಯ ಮೇಲೆ ಸುಣ್ಣದ ಕಡ್ಡಿಯಿಂದ ಗೀಟು ಹಾಕಿದ ಮೇಲೆ ದರ್ಜಿಯು ಆ ಗೀಟಿನ ಮೇಲೆ ಕತ್ತರಿಸುವುದಿಲ್ಲ. ಗೀಟಿನಾಚೆ ಬೆರಳಗಲ ಬಟ್ಟೆಯನ್ನು ಬಿಟ್ಟು ಕತ್ತರಿಸುತ್ತಾನೆ. ಆ ಬೆರಳಗಲ ಯಾವ ಅಳತೆಗೂ ಸೇರುವುದಿಲ್ಲ. ಕೋಟು ತೊಟ್ಟವನಿಗೆ ಅದು ಇದೆಯೆಂಬುದೂ ತಿಳಿಯುವುದಿಲ್ಲ. ಆದರೆ ಎರಡು ತುಂಡುಗಳು ಒಂದಕ್ಕೊಂದು ಕೂಡುವುದು ಅದರಲ್ಲೇ. ಹೊಲಿಗೆ ಕಲಿಯಲು ಬಂದ ಹುಡುಗಿಯರಲ್ಲಿ ಯಾರಾದರೂ ಗೀಟಿನ ಮೇಲೆಯೇ ಕತ್ತರಿ ಓಡಿಸಿದರೆ ಟೇಪಕ್ಕನಿಗೆ ಮೈಯೆಲ್ಲ ಉರಿಯುತ್ತಿತ್ತು. "ಕೂಡೋಕೆ ಜಾಗ ಎಲ್ಲಿ ಬಿಟ್ಟೆ? ಅಂಟು ಹಾಕಿ ಅಂಟಿಸ್ತೀಯಾ?" ಎಂದು ಕತ್ತರಿಯನ್ನು ಕಸಿದುಕೊಳ್ಳುತ್ತಿದ್ದಳು.

ಮನೆ ಆಕೆಯದಲ್ಲ, ಆಕೆಯ ದೊಡ್ಡಮ್ಮನದು. ತಾಯಿಯ ಅಕ್ಕ, ಟೆಲಿಫೋನ್ ವಿನಿಮಯ ಕೇಂದ್ರದಲ್ಲಿ ಕರೆಗಳನ್ನು ಜೋಡಿಸಿಕೊಡುವ ಕೆಲಸದಲ್ಲಿದ್ದವಳು. ನಿವೃತ್ತಿಯಾದ ಮೇಲೂ ಮನೆಯ ಬಾಗಿಲು ಯಾರು ತಟ್ಟಿದರೂ "ಹೇಳಿ, ಬೇಗ ಹೇಳಿ" ಎನ್ನುವುದನ್ನು ಬಿಡಲಿಲ್ಲ. ಗಂಡನಿರಲಿಲ್ಲ, ಮಕ್ಕಳಿರಲಿಲ್ಲ. ತಂಗಿಯೂ ತಂಗಿಯ ಗಂಡನೂ ಹಿಂದುಮುಂದಾಗಿ ತೀರಿಕೊಂಡಾಗ ಅವರ ಮೂವರು ಮಕ್ಕಳನ್ನು ಕರೆತಂದು ಸಾಕಿದಳು: ಹಿರಿಯ ಗಂಡುಮಗ, ನಡುವಿನವಳು ಟೇಪಕ್ಕ, ಕಿರಿಯವಳೊಬ್ಬ ಹೆಣ್ಣುಮಗಳು.

ಹಣ್ಣು, ರೊಟ್ಟಿ, ಏನೇ ಇರಲಿ, ಹಂಚುವಾಗ ಈ ಮೂವರ ಜಗಳ ತಡೆಯಲಾರದೆ ದೊಡ್ಡಮ್ಮ ಒಂದು ಕಟ್ಟಳೆ ಮಾಡಿದ್ದಳು. ಒಬ್ಬರು ಪಾಲು ಮಾಡಬೇಕು, ಮಿಕ್ಕವರು ಮೊದಲು ಆರಿಸಿಕೊಳ್ಳಬೇಕು, ಪಾಲು ಮಾಡಿದವರಿಗೆ ಉಳಿದದ್ದು. ಅಣ್ಣ ಕತ್ತರಿಸಿದರೆ ಸೊಟ್ಟ. ತಂಗಿ ಕತ್ತರಿಸಿದರೆ ಚೂರುಪಾರು. ನಡುವಿನವಳ ಕೈ ಆಗಲೇ ನೆಟ್ಟಗಿತ್ತು. ಹೀಗಾಗಿ ಕತ್ತರಿಸುವುದು ಯಾವಾಗಲೂ ಅವಳ ಕೆಲಸವಾಯಿತು, ಕೊನೆಯ ಪಾಲು ಯಾವಾಗಲೂ ಅವಳದಾಯಿತು. ಪಾಲುಗಳು ಒಂದೇ ಸಮ ಇರುತ್ತಿದ್ದುದರಿಂದ ಅದರಲ್ಲಿ ನಷ್ಟವಿದೆಯೆಂದು ಆಕೆಗೆ ಎಂದೂ ಅನ್ನಿಸಲಿಲ್ಲ.

ಅಣ್ಣ ಬೆಳೆದು ಪತ್ರ ಬರಹಗಾರನಾದನು. ನೋಂದಣಿ ಕಚೇರಿಯ ಎದುರಿನ ಸಾಲಿನಲ್ಲಿ ಮೇಜು ಹಾಕಿಕೊಂಡು ಕ್ರಯಪತ್ರ, ದಾನಪತ್ರ, ವಿಭಾಗಪತ್ರಗಳನ್ನು ಬರೆಯುವ ಕೆಲಸ. ಅನ್ಯರ ಮನೆ ಒಡೆಯುವುದನ್ನು ದಿನವೂ ನೋಡಿ ನೋಡಿ ಅವನ ಮುಖಕ್ಕೆ ಒಂದು ಬಗೆಯ ಶಾಂತಿ ಬಂದಿತ್ತು. ತಂಗಿ ಒಂದು ಹಲ್ಲಿನ ಚಿಕಿತ್ಸಾಲಯದಲ್ಲಿ ರೋಗಿಗಳನ್ನು ಸರದಿಯಲ್ಲಿ ಕೂರಿಸುವ ಕೆಲಸದಲ್ಲಿದ್ದಳು. ನಗುತ್ತ ಕಾಯಿಸುವ ವಿದ್ಯೆಯನ್ನು ಅಲ್ಲಿ ಚೆನ್ನಾಗಿ ಕಲಿತಿದ್ದಳು.

ದೊಡ್ಡಮ್ಮನಿಗೆ ಲಕ್ವ ಹೊಡೆದು ಒಂದು ಪಾರ್ಶ್ವ ಬಿದ್ದುಹೋದಾಗ ಟೇಪಕ್ಕ ಮಂಚವನ್ನು ಮುಂದಿನ ಕೋಣೆಗೇ, ಯಂತ್ರದ ಪಕ್ಕಕ್ಕೆ ಎಳೆದುಕೊಂಡಳು. ಒಂದು ತೋಳು ಹೊಲಿಯುವುದು, ಎದ್ದು ಮುದುಕಿಯ ಮಗ್ಗುಲು ಬದಲಿಸುವುದು. ಕಾಲರು ಕೂರಿಸುವುದು, ಎದ್ದು ಬಟ್ಟೆ ಬದಲಿಸುವುದು. ವರ್ಷಗಳೇ ಹೀಗೆ ಕಳೆದವು. ಅಣ್ಣ ಬಂದರೆ ಬಾಗಿಲಲ್ಲೇ ನಿಂತು, "ಹೇಗಿದ್ದಾರೆ?" ಎಂದು ಮೂಗಿಗೆ ಕರವಸ್ತ್ರ ಹಿಡಿದು ಕೇಳುತ್ತಿದ್ದನು. ತಂಗಿ ಬರುವಾಗ ಹೂವಿನ ಗುಚ್ಛ ತರುತ್ತಿದ್ದಳು. ಅದನ್ನು ನೀರಿಗೆ ಹಾಕುವ ಕೆಲಸವೂ ಟೇಪಕ್ಕನದೇ.

ನೆರೆಯವರು ಹೇಳಿದ್ದುಂಟು: "ಟೇಪಕ್ಕ, ಮುದುಕಿಗೆ ಬುದ್ಧಿ ನೆಟ್ಟಗಿರೋವಾಗ್ಲೇ ಒಂದು ಉಯಿಲು ಬರೆಸ್ಕೋ." ಆಕೆಗೆ ಅದು ಹೊಲಸು ಮಾತಾಗಿ ಕೇಳಿಸಿತು. ಒಂದು ಕೈಯಲ್ಲಿ ಗಂಜಿಯ ಬಟ್ಟಲು, ಇನ್ನೊಂದರಲ್ಲಿ ಕಾಗದ ಹಿಡಿದು ನಿಲ್ಲುವುದು ತನ್ನಿಂದಾಗದೆಂದಳು. ಈ ಮರ್ಯಾದೆಯಿಂದ ಲಾಭವಾದದ್ದು ಯಾರಿಗೆಂಬುದು ಬೇಗನೆ ತಿಳಿಯಿತು.

ದೊಡ್ಡಮ್ಮ ತೀರಿಕೊಂಡು, ಬಂದವರೆಲ್ಲ ಬಂದು ಹೋದ ಮೇಲೆ, ಅಣ್ಣನೂ ತಂಗಿಯೂ ಒಂದು ಭಾನುವಾರ ಬೆಳಗ್ಗೆ ಮನೆಗೆ ಬಂದರು. ಅಣ್ಣ ನಿಂತುಕೊಂಡೇ ಸುತ್ತಲೂ ನೋಡಿದನು. ಮಂಚವಿದ್ದ ಜಾಗದಲ್ಲಿ ನೆಲ ಇನ್ನೂ ಬೇರೆ ಬಣ್ಣದಲ್ಲಿತ್ತು.

"ನೋಡು ಟೇಪು," ಎಂದನು. ಒಡಹುಟ್ಟಿದವನ ಬಾಯಲ್ಲಿ 'ಅಕ್ಕ' ಬಿದ್ದುಹೋಗಿ 'ಟೇಪು' ಮಾತ್ರ ಉಳಿದಿತ್ತು. "ನಾವು ಮೂರೂ ಜನ ಸಮ. ನೀನು ನೋಡ್ಕೊಂಡೆ, ಇಲ್ಲ ಅನ್ನಲ್ಲ. ಆದ್ರೆ ನೀನು ಇಲ್ಲಿ ಬಾಡಿಗೆ ಇಲ್ದೆ ಇದ್ದೆ. ಅದನ್ನೂ ಇಲ್ಲ ಅನ್ನೋಕಾಗಲ್ಲ."

"ನಾನೇನೂ ಕೇಳ್ಲಿಲ್ವಲ್ಲ ಅಣ್ಣ."

"ಕೇಳೋದಕ್ಕೆ ಮುಂಚೆ ಹೇಳ್ಬಿಡೋದು ಒಳ್ಳೇದು."

ತಂಗಿ ನಕ್ಕಳು. "ದೊಡ್ಡಮ್ಮನ ಕಟ್ಟಳೆ ಇದೆಯಲ್ಲ, ಹಾಗೇ ಮಾಡೋಣ. ಅಕ್ಕ ಪಾಲು ಮಾಡ್ಲಿ. ಅವಳಷ್ಟು ನೇರ ಕತ್ತರಿಸೋರು ಯಾರಿದ್ದಾರೆ? ನಾನು ಚಿಕ್ಕವಳು, ಮೊದಲು ಆರಿಸ್ತೀನಿ. ಆಮೇಲೆ ಅಣ್ಣ. ಉಳಿದದ್ದು ಅಕ್ಕಂಗೆ. ಯಾವಾಗ್ಲೂ ಹಾಗೇ ತಾನೆ?"

ಟೇಪಕ್ಕನಿಗೆ ಹೆಮ್ಮೆಯಾಯಿತು. ಇದನ್ನು ಮರೆಮಾಚಿ ಪ್ರಯೋಜನವಿಲ್ಲ. ಅಷ್ಟು ವರ್ಷಗಳಲ್ಲಿ ಆ ಇಬ್ಬರು ಆಕೆಯ ಕಸುಬಿನ ಬಗ್ಗೆ ಆಡಿದ ಮೊದಲ ಒಳ್ಳೆಯ ಮಾತು ಅದು.

ಮನೆ ಉದ್ದವಾದದ್ದು, ಅಗಲ ಕಡಿಮೆ. ಎಡಗೋಡೆಯ ಉದ್ದಕ್ಕೂ ಒಂದು ಓಣಿ, ಮನೆಯೊಳಗಿನ ಓಣಿ, ಬೀದಿಬಾಗಿಲಿನಿಂದ ಹಿಂದಿನ ಅಂಗಳದವರೆಗೆ ಹಾದುಹೋಗುತ್ತಿತ್ತು. ಅಂಗಳದ ಕೊನೆಯಲ್ಲಿ ಹಿಂದಿನ ಗಲ್ಲಿಗೆ ತೆರೆಯುವ ಗೇಟು. ಎಲ್ಲ ಕೋಣೆಗಳ ಬಾಗಿಲುಗಳೂ ಆ ಓಣಿಗೇ ತೆರೆಯುತ್ತಿದ್ದವು. ಟೇಪಕ್ಕ ಯಂತ್ರದ ಕೆಲಸ ನಿಲ್ಲಿಸಿ, ಕೊರಳ ಟೇಪಿನಿಂದ ಇಡೀ ಮನೆಯನ್ನು ಅಳೆದಳು. ಬಟ್ಟೆಗೆ ಗೀಟೆಳೆಯುವ ಸುಣ್ಣದ ಕಡ್ಡಿಯಿಂದ ನೆಲದ ಮೇಲೂ ಗೋಡೆಯ ಮೇಲೂ ಗೀಟೆಳೆದಳು. ಮೊಣಕಾಲೂರಿ, ಒರೆಸಿ, ಮತ್ತೆ ಎಳೆದಳು. ಮುಂದಿನ ಪಾಲು ಚಿಕ್ಕದು, ಆದರೆ ಬೀದಿಗೆ ಕಿಟಕಿಯುಂಟು. ನಡುವಿನದು ಎಲ್ಲಕ್ಕಿಂತ ದೊಡ್ಡದು, ಅಡುಗೆಮನೆ ಅದರಲ್ಲೇ ಇತ್ತು. ಆದರೆ ಸೂರಿನ ಬೆಳಕಿಂಡಿ ಬಿಟ್ಟರೆ ಬೆಳಕಿಲ್ಲ. ಹಿಂದಿನದಕ್ಕೆ ಅಂಗಳ, ನಲ್ಲಿ, ಗೇಟು.

ಆಕೆಗೆ ಬೇಕಾಗಿದ್ದುದು ಮುಂದಿನ ಪಾಲು. ಬೀದಿಗೆ ಬಾಗಿಲಿಲ್ಲದೆ ಕಸುಬಿಲ್ಲ, ಕಸುಬಿಲ್ಲದೆ ಅನ್ನವಿಲ್ಲ. ಬಾಯಿಬಿಟ್ಟು ಕೇಳಿದ್ದರೆ ಅಣ್ಣ ಅದಕ್ಕೊಂದು ಕೊಕ್ಕೆ ಹಾಕುತ್ತಾನೆಂದು ಗೊತ್ತಿತ್ತು. ಆದ್ದರಿಂದ ಆಕೆ ಬದುಕಿನಲ್ಲಿ ಒಂದೇ ಒಂದು ಬಾರಿ ಕಳ್ಳ ಲೆಕ್ಕ ಹಾಕಿದಳು. ಮುಂದಿನ ಪಾಲಿನ ಗೀಟನ್ನು ಒಂದು ಗೇಣು ಬೀದಿಯ ಕಡೆಗೆ ಸರಿಸಿ ಅದನ್ನು ಇನ್ನಷ್ಟು ಕಿರಿದು ಮಾಡಿದಳು. ಅಣ್ಣನಿಗೆ ದೊಡ್ಡದರ ಮೇಲೆ ಆಸೆ, ತಂಗಿಗೆ ಅಂಗಳದ ಮೇಲೆ ಆಸೆ. ಯಾರಿಗೂ ಬೇಡವಾದ ಕಿರಿದು ತನಗೆ ಉಳಿಯುತ್ತದೆ. ಲೆಕ್ಕ ಸರಿಯಾಗಿಯೇ ಇತ್ತು, ಓಣಿಯೊಂದನ್ನು ಬಿಟ್ಟರೆ.

ಓಣಿಯನ್ನು ಆಕೆ ಯಾವ ಗೀಟಿನೊಳಗೂ ಸೇರಿಸಿರಲಿಲ್ಲ.

ಅಣ್ಣ ವಿಭಾಗಪತ್ರದ ಕರಡು ಬರೆಯಲು ಕುಳಿತಾಗ ಅದನ್ನು ಗಮನಿಸಿದನು. ನಲವತ್ತು ವರ್ಷ ಅದೇ ಕೆಲಸ ಮಾಡಿದವನ ಕಣ್ಣು ತಪ್ಪುತ್ತದೆಯೆ?

"ಓಣಿ ಯಾರ ಪಾಲಿಗೆ ಬರೀಲಿ?"

"ಯಾರ ಪಾಲಿಗೂ ಬೇಡ ಅಣ್ಣ. ಅದು ಕೂಡೋ ಜಾಗ. ಎಲ್ಲರೂ ಓಡಾಡ್ಲಿ."

ಅಣ್ಣ ಲೇಖನಿಯನ್ನು ಕೆಳಗಿಟ್ಟನು. "ಯಾರ ಪಾಲಿಗೂ ಬೇಡ. ನೀನೇ ಹೇಳ್ತಿದ್ದೀಯ ನೋಡು."

"ಹೌದಪ್ಪ, ನಾನೇ ಹೇಳ್ತಿದ್ದೀನಿ. ಬಟ್ಟೇಲೂ ಹಾಗೇ. ಕೂಡೋ ಕಡೆ ಸ್ವಲ್ಪ ಬಿಡ್ಬೇಕು."

"ಕೇಳಿಸ್ಕೊಂಡ್ಯೇನೇ?" ಎಂದು ಅಣ್ಣ ತಂಗಿಯತ್ತ ತಿರುಗಿದನು. "ಓಣಿ ಯಾರ ಪಾಲಿಗೂ ಇಲ್ಲ. ದರ್ಜಿಗಳ ಶಾಸ್ತ್ರ." ಇಬ್ಬರೂ ನಕ್ಕರು. ತನ್ನ ಕಸುಬಿನ ಮಾತು ಅವರಿಗೆ ರುಚಿಸಿತೆಂದು ತಿಳಿದು ಟೇಪಕ್ಕನೂ ನಕ್ಕಳು.

ಆರಿಸಿಕೊಳ್ಳುವ ಮುನ್ನ ಅಣ್ಣನೂ ತಂಗಿಯೂ ಹಿಂದಿನ ಅಂಗಳಕ್ಕೆ ಹೋಗಿ ಸ್ವಲ್ಪ ಹೊತ್ತು ಮಾತಾಡಿಕೊಂಡರು. ಟೇಪಕ್ಕ ಅಡುಗೆಮನೆಯಲ್ಲಿ ಅವರಿಗೆ ಚಹಾ ಮಾಡುತ್ತಿದ್ದಳು. ಬಂದವರು ಲೋಟ ಹಿಡಿದು ನಿಂತೇ ಆರಿಸಿದರು.

"ನಂಗೆ ಹಿಂದಿನದು," ಎಂದಳು ತಂಗಿ.

"ನನಗೆ ಮುಂದಿನದು," ಎಂದನು ಅಣ್ಣ.

ಟೇಪಕ್ಕ ಕೈಯಲ್ಲಿದ್ದ ತಟ್ಟೆಯನ್ನು ಕೆಳಗಿಟ್ಟಳು. "ಅಣ್ಣ, ಅದು ಚಿಕ್ಕದು. ನಡುವಿಂದು ದೊಡ್ಡದಿದೆ, ನೋಡಿದ್ಯಾ?"

"ಚಿಕ್ಕದೇ ಸಾಕಮ್ಮ ನನಗೆ. ದೊಡ್ಡದು ನಿನಗಿರ್ಲಿ. ನೋಡ್ಕೊಂಡೋಳು ನೀನಲ್ವಾ?"

ಮುಂದಿನದು ಒಂದು ಗೇಣು ಕಡಿಮೆಯಿದೆಯೆಂದು ಹೇಳಿ, ಮತ್ತೆ ಅಳೆಯೋಣವೆನ್ನಲು ಆಕೆಯ ಬಾಯಿ ತೆರೆಯಿತು. ಆದರೆ ಆ ಗೇಣನ್ನು ಕದ್ದವಳು ತಾನೇ. ಬಾಯಿ ಮುಚ್ಚಿಕೊಂಡಳು. ಬೀದಿಬಾಗಿಲು ಇದೆ, ಓಣಿ ಇದೆ, ಗಿರಾಕಿಗಳು ನಾಲ್ಕು ಹೆಜ್ಜೆ ಒಳಗೆ ಬರುತ್ತಾರೆ, ಅಷ್ಟೇ ತಾನೆ ಎಂದು ಸಮಾಧಾನ ಮಾಡಿಕೊಂಡಳು. ನೋಂದಣಿ ಕಚೇರಿಯಲ್ಲಿ ಅಣ್ಣ ಪತ್ರವನ್ನು ಮೊದಲಿನಿಂದ ಕೊನೆಯವರೆಗೆ ಗಟ್ಟಿಯಾಗಿ ಓದಿ ಹೇಳಿದನು. ಅದರಲ್ಲಿ ಒಂದಕ್ಷರವೂ ಸುಳ್ಳಿರಲಿಲ್ಲ. ಆಕೆ ಹಾಕಿದ ಗೀಟುಗಳೇ, ಆಕೆ ಹೇಳಿದ ಮಾತುಗಳೇ ಅದರಲ್ಲಿದ್ದವು. ಆಕೆ ರುಜು ಹಾಕಿದಳು.

ಆಮೇಲೆ ಯಂತ್ರವನ್ನೂ ಕತ್ತರಿಸುವ ಮೇಜನ್ನೂ ನಡುವಿನ ಕೋಣೆಗೆ ಸಾಗಿಸಿಕೊಂಡಳು. ಬೆಳಕಿಂಡಿಯ ಕೆಳಗೆ ಯಂತ್ರ ಕೂತಿತು. ಮಧ್ಯಾಹ್ನದ ಹೊತ್ತಿಗೆ ಮಾತ್ರ ಸೂಜಿಯ ಕಣ್ಣು ಕಾಣುತ್ತಿತ್ತು; ಉಳಿದ ಹೊತ್ತು ದೀಪ.

ಅಣ್ಣ ತನ್ನ ಪಾಲಿನ ಬೀದಿಗೋಡೆಯನ್ನು ಒಡೆಸಿ, ಎಳೆದು ಮುಚ್ಚುವ ಷಟರು ಹಾಕಿಸುತ್ತಿದ್ದಾನೆಂದು ಮೊದಲು ಗೊತ್ತಾಯಿತು. ಔಷಧಿ ಅಂಗಡಿಯವನಿಗೆ ಕೊಡುವುದಂತೆ. ಅದರಲ್ಲಿ ತಪ್ಪೇನಿಲ್ಲ, ಅವನ ಪಾಲು. ಆದರೆ ಒಂದು ಬೆಳಗ್ಗೆ ಇಟ್ಟಿಗೆಯ ಗಾಡಿ ಬಂದು ನಿಂತಾಗ ಗಾರೆಯವನು ಷಟರಿನ ಕಡೆಗೆ ಹೋಗದೆ ನೇರವಾಗಿ ಓಣಿಯೊಳಗೆ ಬಂದು, ಮುಂದಿನ ಪಾಲು ಮುಗಿದು ನಡುವಿನದು ಮೊದಲಾಗುವ ಕಡೆ ನೆಲದ ಮೇಲೆ ದಾರ ಹಿಡಿದನು.

ಟೇಪಕ್ಕ ದಾರವನ್ನು ದಾಟಿ ಬೀದಿಗೆ ಬಂದಳು. ಅಣ್ಣ ಅಲ್ಲೇ ನಿಂತು ಇಟ್ಟಿಗೆ ಇಳಿಸುವುದನ್ನು ನೋಡುತ್ತಿದ್ದನು.

"ಅಣ್ಣ, ಏನಿದು? ನಾನು ಎಲ್ಲಿಂದ ಓಡಾಡ್ಲಿ?"

"ಓಣಿ ಯಾರ ಪಾಲಿಗೂ ಇಲ್ಲ ಅಂತ ನೀನೇ ಹೇಳಿದ್ದು."

"ಎಲ್ಲರೂ ಓಡಾಡ್ಲಿ ಅಂತಲೂ ಹೇಳಿದ್ದೆ!"

"ಹೇಳಿದ್ದೆ. ಎಲ್ಲರೂ ಅಂದ್ರೆ ಮೂರು ಜನ. ಅದ್ರಲ್ಲಿ ಇಬ್ಬರು ಕೂಡಿ ಒಂದು ತೀರ್ಮಾನ ಮಾಡಿದೀವಿ. ಮುಂದಿನ ಅರ್ಧ ನನಗೆ, ಅಂಗಡಿಗೆ ಅಗಲ ಸಾಲ್ದು. ಹಿಂದಿನ ಅರ್ಧ ಅವಳಿಗೆ, ಅಡುಗೆಮನೆ ಮಾಡ್ಕೋತಾಳಂತೆ. ನಿನಗೆ ಅಡುಗೆಮನೆ ಬಂದಿದೆಯಲ್ಲ, ಅವಳು ಎಲ್ಲಿ ಅಡುಗೆ ಮಾಡ್ಬೇಕು?"

"ನನಗೆ ದಾರಿ?"

ಅಣ್ಣ ಕರವಸ್ತ್ರ ತೆಗೆದು ಇಟ್ಟಿಗೆಯ ಧೂಳು ಒರೆಸಿಕೊಂಡನು. "ಪಾಲು ಮಾಡಿದೋಳು ನೀನು. ದಾರಿ ಇಟ್ಕೊಳ್ದೆ ಯಾರಾದ್ರೂ ಪಾಲು ಮಾಡ್ತಾರಾ? ಇಷ್ಟು ವರ್ಷ ಮೇಜು ಹಾಕ್ಕೊಂಡು ಕೂತಿದ್ದೀನಿ, ಇಂಥ ಪೆದ್ದುತನ ನೋಡಿಲ್ಲ."

ಇದು ಕಾನೂನಲ್ಲ. ಈ ಮಾತನ್ನು ಖಚಿತವಾಗಿ ಹೇಳಬೇಕು, ಏಕೆಂದರೆ ಆ ಬೀದಿಯಲ್ಲಿ ಹಲವರು ಅದನ್ನು ಕಾನೂನೆಂದೇ ನಂಬಿ ತಲೆಯಾಡಿಸಿದರು. ಹಂಚದೆ ಉಳಿದ ಜಾಗವನ್ನು ಇಬ್ಬರು ಕೂಡಿ ಮೂರನೆಯವಳ ಮುಖಕ್ಕೆ ಮುಚ್ಚಲು ಬರುವುದಿಲ್ಲ. ಸುತ್ತಲೂ ಗೋಡೆಯೆದ್ದು ದಾರಿಯಿಲ್ಲದಾದವರಿಗೆ ದಾರಿ ಕೇಳುವ ಹಕ್ಕಿದೆ. ಅಣ್ಣನಿಗೆ ಇದು ಎಲ್ಲರಿಗಿಂತ ಚೆನ್ನಾಗಿ ಗೊತ್ತಿತ್ತು. ಹಕ್ಕು ಇರುವುದು ಬೇರೆ, ಅದು ಕೈಗೆ ಬರುವುದು ಬೇರೆ ಎಂಬುದೂ ಗೊತ್ತಿತ್ತು. ಅವನ ನಂಬಿಕೆ ನಿಂತಿದ್ದುದು ಈ ಎರಡನೆಯದರ ಮೇಲೆ.

ಅಂದೇ ಟೇಪಕ್ಕ ತನ್ನ ಗಿರಾಕಿಯಾದ ಹಿರಿಯ ವಕೀಲರೊಬ್ಬರ ಬಳಿಗೆ ಹೋದಳು. ಅವರು ಪತ್ರವನ್ನು ಓದಿ ಕನ್ನಡಕ ತೆಗೆದರು. ಅವರು ತೊಟ್ಟಿದ್ದ ಕೋಟು ಆಕೆಯೇ ಹೊಲಿದದ್ದು.

"ಗೆಲ್ತೀರಿ ಟೇಪಕ್ಕ. ಇದ್ರಲ್ಲಿ ಅನುಮಾನವೇ ಇಲ್ಲ."

"ಯಾವಾಗ?"

"ಅದನ್ನ ಮಾತ್ರ ಕೇಳ್ಬೇಡಿ. ಕೆಳಗಿನ ಕೋರ್ಟು, ಮೇಲಿನ ಕೋರ್ಟು… ನಿಮ್ಮ ಅಣ್ಣ ನನಗೆ ಗೊತ್ತು, ಸುಮ್ನೆ ಬಿಡೋ ಆಸಾಮಿ ಅಲ್ಲ. ಅಷ್ಟು ದಿನ ನೀವು ಗಟ್ಟಿಯಾಗಿರ್ಬೇಕು, ಅಷ್ಟೆ." ಬಾಗಿಲವರೆಗೆ ಕಳಿಸಲು ಬಂದವರು, "ಅಂದ ಹಾಗೆ ನನ್ನ ಇನ್ನೊಂದು ಕೋಟಿನ ಒಳಬಟ್ಟೆ ಹರಿದಿದೆ, ನೋಡ್ತೀರಾ?" ಎಂದರು. ಅದನ್ನೂ ಕಂಕುಳಲ್ಲಿ ಇಟ್ಟುಕೊಂಡು ಆಕೆ ಹಿಂದಿರುಗಿದಳು.

ಹಿಂದಿರುಗುವ ವೇಳೆಗೆ ಗೋಡೆ ಮೊಣಕಾಲೆತ್ತರಕ್ಕೆ ಬಂದಿತ್ತು. ತೂಗುಗುಂಡು ಇಳಿಬಿಟ್ಟು ಗೋಡೆ ನೇರವಿದೆಯೇ ಎಂದು ನೋಡುತ್ತಿದ್ದ ಗಾರೆಯವನು ಆಕೆಯನ್ನು ಕಂಡು ಕರಣೆಯನ್ನು ಕೆಳಗಿಟ್ಟನು. ಒರಟನಲ್ಲ, ತನ್ನ ಕೆಲಸದ ತೊಡಕನ್ನಷ್ಟೇ ಬಿಡಿಸಿಕೊಳ್ಳಬೇಕಾಗಿತ್ತು ಅವನಿಗೆ.

"ಅಮ್ಮಾ, ನೀವು ಒಳಗಿರ್ತೀರೋ ಹೊರಗಿರ್ತೀರೋ? ಈಗ್ಲೇ ಹೇಳ್ಬಿಡಿ. ಗೋಡೆ ಮೇಲೆ ಹೋದ್ಮೇಲೆ ನನ್ನ ಕೈಲಿ ಆಗಲ್ಲ."

ಬೀದಿಯಲ್ಲಿ ನಿಂತು ನೋಡುತ್ತಿದ್ದವರಲ್ಲಿ ಯಾರೋ ಕಿಸಕ್ಕನೆ ನಕ್ಕರು. ಇನ್ನು ಯಾರೋ, "ಒಡಹುಟ್ಟಿದೋರಪ್ಪ, ದಾರಿ ಬಿಡ್ದೆ ಇರ್ತಾರಾ? ಇವಳದ್ದೇ ಏನೋ ಹಟ ಇರ್ಬೇಕು" ಎಂದರು. ನೋಡಲು ಬಂದವರಲ್ಲಿ ಆಕೆ ಹೊಲಿದ ಕೋಟು ತೊಡದವರು ಕಡಿಮೆ.

ಟೇಪಕ್ಕ ಒಳಗೆ ನೋಡಿದಳು, ಹೊರಗೆ ನೋಡಿದಳು. ಹಿಂದಿನ ಗೇಟಿಗೆ ತಂಗಿ ಆಗಲೇ ಬೀಗ ಹಾಕಿದ್ದಳು. ಯಂತ್ರ ಒಳಗಿತ್ತು. ದಾದಿಯರಿಗೆ ಕೊಡಬೇಕಾದ ಕೋಟುಗಳು ಒಳಗೆ ಅರ್ಧ ಹೊಲಿದು ಬಿದ್ದಿದ್ದವು. ಹೊರಗೆ ನಿಂತರೆ ಆ ನಡುವಿನ ಕೋಣೆಗಳೂ ನಾಳೆ ಯಾರ ಪಾಲಿಗೂ ಇಲ್ಲದವಾಗುತ್ತವೆಯೆಂಬ ಅರಿವು ಆಕೆಗೆ ಈಗ ಬಂದಿತ್ತು. ಪಾಠ ತಡವಾಗಿ ಬಂದರೂ ಪೂರ್ತಿಯಾಗಿ ಬಂದಿತ್ತು.

"ಒಳಗೆ," ಎಂದಳು. ಸೀರೆಯನ್ನು ಮೊಣಕಾಲಿಗೆತ್ತಿ, ಹಸಿ ಗಾರೆಗೆ ತಾಗದಂತೆ ಗೋಡೆಯನ್ನು ದಾಟಿದಳು. ಗಾರೆಯವನು ಕೈಹಿಡಿದು ದಾಟಿಸಿದನು. ಆ ದಿನ ಆಕೆಗೆ ಕೈ ಕೊಟ್ಟವನು ಅವನೊಬ್ಬನೇ.

ಸಂಜೆಯ ಹೊತ್ತಿಗೆ ಗೋಡೆ ಸೂರು ಮುಟ್ಟಿತು. ಬೀದಿಯ ಸದ್ದು ನಿಂತಿತು. ಯಂತ್ರ ತುಳಿಯುವಾಗ ಅದರ ಸದ್ದು ಹಿಂದಿಗಿಂತ ಜೋರಾಗಿ ಕೇಳಿಸಿತೆಂದು ಆಕೆಗನ್ನಿಸಿತು.

ಮರುದಿನವೇ ತಂಗಿ ಬಾಡಿಗೆ ಮನೆಯನ್ನು ಬಿಟ್ಟು ಗಂಡನನ್ನೂ ಅತ್ತೆಯನ್ನೂ ಕರೆದುಕೊಂಡು ಹಿಂದಿನ ಪಾಲಿಗೆ ಬಂದಳು. ಓಣಿಯ ಹಿಂದಿನ ಅರ್ಧದಲ್ಲಿ ಒಲೆ, ಪಾತ್ರೆಯ ಕಪಾಟು, ತೊಳೆಯುವ ತೊಟ್ಟಿ ಬಂದವು. ಟೇಪಕ್ಕನ ಬಾಗಿಲು ಈಗ ತೆರೆಯುವುದು ತಂಗಿಯ ಅಡುಗೆಮನೆಗೆ. ಅಡುಗೆಮನೆ ದಾಟಿ, ಅಂಗಳ ದಾಟಿ, ಗೇಟಿನ ಮೂಲಕ ಗಲ್ಲಿಗೆ. ಗೇಟಿನ ಬೀಗದ ಕೈ ತಂಗಿಯ ಬಳಿ.

"ನಾನೇನು ಮನುಷ್ಯಳಲ್ವಾ ಅಕ್ಕ? ನಿನ್ನನ್ನ ಒಳಗೇ ಕೂಡಿಹಾಕ್ತೀನಾ?" ಎಂದು ಮೊದಲ ದಿನವೇ ಹೇಳಿದಳು. "ಯಾವಾಗ ಬೇಕಾದ್ರೂ ಹೋಗು, ಬಾ. ನನ್ನನ್ನ ಒಂದು ಮಾತು ಕೇಳು ಸಾಕು. ಆಮೇಲೆ ಇನ್ನೊಂದು. ನಾನು ಕ್ಲಿನಿಕ್ಕಿಗೆ ಹೋದ್ರೆ ಅತ್ತೆ ಒಬ್ಬರೇ ಇರ್ತಾರೆ. ಎದ್ದೇಳೋಕಾಗಲ್ಲ, ಮಾತೂ ಹೊರಡಲ್ಲ. ನಿನಗಂತೂ ಕೈ ಪಳಗಿದೆ, ದೊಡ್ಡಮ್ಮನ್ನ ನೋಡ್ಕೊಂಡ್ಯಲ್ಲ. ಹೊರಗಿನೋರನ್ನ ಇಟ್ಕೊಳ್ಳೋಕೆ ಮನಸ್ಸು ಬರ್ತಿಲ್ಲ ನೋಡು."

ಒಪ್ಪಿಗೆಯೆಂದು ಟೇಪಕ್ಕ ಬಾಯಿಬಿಟ್ಟು ಹೇಳಲಿಲ್ಲ. ಹೇಳುವ ಅಗತ್ಯವಿತ್ತೆಂದು ತಂಗಿಗೂ ಅನ್ನಿಸಲಿಲ್ಲ. ಮಾರನೆಯ ದಿನ ಬೆಳಗ್ಗೆ ಒರೆಸುವ ಬಟ್ಟೆಯೂ ಬಕೆಟ್ಟೂ ಆಕೆಯ ಬಾಗಿಲಿನ ಮುಂದಿದ್ದವು.

ಮೊದಮೊದಲು ಗಿರಾಕಿಗಳು ಗಲ್ಲಿ ಹುಡುಕಿಕೊಂಡು ಬಂದರು. ದಾದಿಯರು ಗೇಟಿನಲ್ಲಿ ನಿಂತು ಕೂಗಬೇಕು, ತಂಗಿ ಕೈ ಒರೆಸಿಕೊಂಡು ಬಂದು ಬೀಗ ತೆಗೆಯಬೇಕು, ಅವರು ಒಲೆಯ ಪಕ್ಕದಲ್ಲಿ ಹಾದು ಬೆಳಕಿಲ್ಲದ ಕೋಣೆಗೆ ಬಂದು ಅಳತೆಗೆ ನಿಲ್ಲಬೇಕು. ಒಮ್ಮೆ ಒಬ್ಬ ದಾದಿಯ ಹೊಸ ಬಿಳಿ ಕೋಟಿಗೆ ಒಗ್ಗರಣೆಯ ಎಣ್ಣೆ ಸಿಡಿಯಿತು. "ಅಯ್ಯೋ, ಅಡುಗೆಮನೇಲಿ ಓಡಾಡಿದ್ರೆ ಇನ್ನೇನಾಗುತ್ತೆ?" ಎಂದಳು ತಂಗಿ. ಆಮೇಲೆ ದಾದಿಯರು ಬರಲಿಲ್ಲ. ವಕೀಲರು ಕೋಟನ್ನು ಆಳಿನ ಕೈಯಲ್ಲಿ ಕಳಿಸಿದರು, ಆಮೇಲೆ ಅವರೂ ನಿಲ್ಲಿಸಿದರು. ಅಣ್ಣನ ಮನೆಯಿಂದ ಮಾತ್ರ ಹರಿದ ಬಟ್ಟೆಗಳ ಗಂಟು ತಪ್ಪದೆ ಬರುತ್ತಿತ್ತು. "ಹೇಗೂ ಸುಮ್ನೆ ಕೂತಿರ್ತೀಯಂತೆ, ಸ್ವಲ್ಪ ಗುಂಡಿ ಹಾಕಿಕೊಡು" ಎಂದು ಅವನು ಹೇಳಿ ಕಳಿಸುತ್ತಿದ್ದನು.

ಬರುತ್ತಲೇ ಇದ್ದವನು ಅಂಚೆ ಕಚೇರಿಯ ಗೂನುಬೆನ್ನಿನ ಗುಮಾಸ್ತನೊಬ್ಬನೇ. ಅವನ ಮಗಳ ಮದುವೆ ಗೊತ್ತಾಗಿತ್ತು. ಅದಕ್ಕೆ ತೊಡಲು ಹೊಸ ಕೋಟಿನ ಬಟ್ಟೆ ಕೊಂಡುಕೊಂಡು ಬಂದನು, ಊರಿನಲ್ಲಿ ಸಿಗುವುದರಲ್ಲೇ ಒಳ್ಳೆಯದು. ಗೇಟಿನ ಹೊರಗೆ ಅವನ ಧ್ವನಿ ಕೇಳಿದ ಕೂಡಲೇ ಟೇಪಕ್ಕ ಯಂತ್ರದಿಂದ ಎದ್ದು ಬಂದಳು. ತಂಗಿ ಒಲೆಯ ಮುಂದೆ ನಿಂತಿದ್ದಳು.

"ಬೀಗದ ಕೈ ಕೊಡು. ಅಂಚೆಯೋರು ಬಂದಿದ್ದಾರೆ."

"ಹಾಗಾ ಕೇಳೋದು?"

"ಕೊಡಮ್ಮ. ಅವರು ನಿಂತಿದ್ದಾರೆ."

ತಂಗಿ ಸೌಟನ್ನು ಪಾತ್ರೆಗೆ ತಟ್ಟಿ ಇಳಿಸಿದಳು. ಚಿಕಿತ್ಸಾಲಯದ ನಗು ಮುಖದ ಮೇಲಿತ್ತು. "ಕೇಳೋ ರೀತೀಲಿ ಕೇಳಕ್ಕ. ಇದು ನನ್ನ ಅಡುಗೆಮನೆ."

ಟೇಪಕ್ಕ ಕೇಳಿದಳು. ದಯವಿಟ್ಟು ಎಂಬ ಮಾತನ್ನು ತಾನು ಎತ್ತಿಕೊಂಡು ಆಡಿಸಿದ ತಂಗಿಗೆ ಹೇಳಿದಳು.

"ಕೊಡ್ತೀನಿ, ಕೊಡ್ತೀನಿ. ಮೊದ್ಲು ಅತ್ತೇನ ಒರೆಸಿ ಬಟ್ಟೆ ಬದಲಾಯಿಸಿಬಿಡು. ಬೆಳಗ್ಗೆಯಿಂದ ಹಾಗೇ ಇದ್ದಾರೆ ಪಾಪ. ಅಂಚೆಯೋರಿಗೇನು ಅವಸರ, ಕಾಯ್ತಾರೆ ಬಿಡು."

ಟೇಪಕ್ಕ ಓಡುತ್ತಲೇ ಒಳಗೆ ಹೋದಳು, ಓಡುತ್ತಲೇ ಒರೆಸಿದಳು. ಆದರೆ ಹೊರಳಲಾರದ ದೇಹಕ್ಕೆ ಅವಸರ ತಿಳಿಯುವುದಿಲ್ಲ. ಒಂದು ಮಗ್ಗುಲು ಮುಗಿದು ಇನ್ನೊಂದಕ್ಕೆ ಹೊರಳಿಸುವಾಗ ಗೇಟಿನ ಬಳಿ ತಂಗಿಯ ಮಾತು ಕೇಳಿಸಿತು: "ಇಲ್ಲಪ್ಪ, ಅವಳು ಈಗ ಹೊಲಿಯೋದು ಬಿಟ್ಟಿದ್ದಾಳೆ. ಕಣ್ಣು ಕಾಣಲ್ಲ ಪಾಪ. ಪೇಟೇಲಿ ಯಾರ ಹತ್ರ ಆದ್ರೂ ಹೊಲಿಸ್ಕೊಳ್ಳಿ."

"ಹಾಗಾ? ನನಗೆ ಬೇರೆಯವರ ಕೋಟು ಕೂರೋದಿಲ್ಲಮ್ಮ…"

"ಕೂರುತ್ತೆ, ಕೂರುತ್ತೆ. ಕೂರ್ದೆ ಇದ್ರೆ ಅಂಚೆ ಕಚೇರೀಲಿ ಯಾರು ನೋಡ್ತಾರೆ ಬಿಡಿ."

ಟೇಪಕ್ಕ ಕೂಗಲು ಬಾಯಿ ತೆರೆದಳು. ಎರಡೂ ಕೈಗಳ ಮೇಲೆ ಮುದುಕಿಯ ಭಾರವಿತ್ತು. ಕೈ ಬಿಟ್ಟರೆ ಆಕೆ ಮಂಚದಿಂದ ಕೆಳಗೆ ಬೀಳುತ್ತಿದ್ದಳು. ಮಲಗಿಸಿ ಅಂಗಳಕ್ಕೆ ಬರುವ ಹೊತ್ತಿಗೆ ಗೇಟಿಗೆ ಬೀಗ ಬಿದ್ದಿತ್ತು. ಸರಳುಗಳ ಸಂದಿಯಿಂದ ಗಲ್ಲಿಯ ತಿರುವಿನವರೆಗೂ ಕಾಣುತ್ತಿತ್ತು. ಅಲ್ಲಿ ಯಾರೂ ಇರಲಿಲ್ಲ.

ತಂಗಿಯನ್ನು ಬೈಯಬಹುದಿತ್ತು. ಬೈದರೆ ನಾಳೆ ಗೇಟು ತೆರೆಯುವುದಿಲ್ಲ. ಅಣ್ಣನ ಮೇಲೆ ದಾವೆ ಹೂಡಬಹುದಿತ್ತು. ಹೂಡಲು ಹೋಗಬೇಕಾದರೂ ಈ ಗೇಟಿನಿಂದಲೇ ಹೋಗಬೇಕು. ಆಕೆ ಸರಳುಗಳನ್ನು ಬಿಟ್ಟು ಮುದುಕಿಯ ಕೋಣೆಗೆ ಹಿಂದಿರುಗಿದಳು.

ಮುದುಕಿ ಗಂಟಲಿನಲ್ಲಿ ಒಂದು ಸದ್ದು ಮಾಡಿದಳು. ಬೆರಳು ಮೇಜಿನ ಮೇಲಿನ ಲೋಟದ ಕಡೆಗೆ ಎದ್ದಿತ್ತು. ನೀರು ಬೇಕೆಂಬುದು ಯಾರಿಗಾದರೂ ತಿಳಿಯುವಂಥ ಸನ್ನೆ. ಟೇಪಕ್ಕನಿಗೆ ಸನ್ನೆಯೂ ಬೇಕಿರಲಿಲ್ಲ. ಆಕೆ ಲೋಟವನ್ನು ತೆಗೆದುಕೊಂಡಳು. ಮುದುಕಿ ತಲೆಯನ್ನು ದಿಂಬಿನಿಂದ ಸ್ವಲ್ಪ ಎತ್ತಿ ತುಟಿ ತೆರೆದಳು.

ಲೋಟ ಮುಂದಕ್ಕೆ ಬರಲಿಲ್ಲ.

"ಕೇಳು," ಎಂದಳು ಟೇಪಕ್ಕ. ಧ್ವನಿ ಮೃದುವಾಗಿತ್ತು. "ಹಾಗಲ್ಲ. ಕೇಳೋ ರೀತೀಲಿ ಕೇಳು."

ಆ ಮುದುಕಿ ಟೇಪಕ್ಕನಿಗೆ ಎಂದೂ ಕೇಡು ಮಾಡಿದವಳಲ್ಲ. ಆ ಮನೆಯ ಪಾಲಿನಲ್ಲಿ ಆಕೆಯದೇನೂ ಇರಲಿಲ್ಲ. ಮಗ, ಸೊಸೆ ಎಲ್ಲಿಟ್ಟರೆ ಅಲ್ಲಿ ಮಲಗಿದವಳು. ಇದು ಟೇಪಕ್ಕನಿಗೂ ಗೊತ್ತಿತ್ತು. ಮುದುಕಿಯ ಬಾಯಿ ಒಂದು ಪಕ್ಕಕ್ಕೆ ಎಳೆದುಕೊಂಡು ಅಲುಗಿತು. ಮೊದಲು ಉಸಿರು ಬಂತು, ಆಮೇಲೆ ಜೊಲ್ಲು ಬಂತು.

"ಇನ್ನೂ ಚೆನ್ನಾಗಿ."

ಅಡುಗೆಮನೆಯಿಂದ ತಂಗಿ ಕೂಗಿ ಹೇಳಿದಳು, "ಎಷ್ಟು ಚೆನ್ನಾಗಿ ಮಾತಾಡಿಸ್ತೀಯ ಅಕ್ಕ ನೀನು! 'ದಿನಾ ಹೀಗೇ ಮಾತಾಡಿಸಿ, ನಾಲಗೆ ಹೊರಳುತ್ತೆ' ಅಂತ ಡಾಕ್ಟ್ರೂ ಹೇಳಿದ್ರು."

"ಮಾತಾಡಿಸ್ತೀನಿ ಬಿಡು," ಎಂದು ಟೇಪಕ್ಕ ಉತ್ತರಿಸಿದಳು.

ಮುದುಕಿಯ ಕತ್ತು ನಡುಗತೊಡಗಿತು, ಆದರೂ ತಲೆಯನ್ನು ದಿಂಬಿಗೆ ಇಳಿಸಲಿಲ್ಲ. ಕಣ್ಣು ಲೋಟದ ಮೇಲೆಯೇ ಇತ್ತು. ಬಹಳ ಪ್ರಯಾಸದಿಂದ, ಅಕ್ಷರ ಅಕ್ಷರವಾಗಿ, ಮಾತಿನಂಥದೊಂದು ಹೊರಬಂತು. ಟೇಪಕ್ಕ ಬಗ್ಗಿ ಲೋಟವನ್ನು ಆ ತುಟಿಗಿಟ್ಟು, ಎರಡು ಗುಟುಕು ಕುಡಿಸಿ, ತೆಗೆದಳು.